ಹೊಸ ಹೈಬ್ರಿಡ್ ಕಾರಿಗೆ ಸರಿಯಾದ ಬೆಲೆ ಮಾತಾಡುವುದು ಹೇಗೆ

ಶೋರೂಮಿಗೆ ಹೋಗುವ ಮುಂಚೆ ಒಂದು ಲೆಕ್ಕ ಮಾಡಿಟ್ಟುಕೊಳ್ಳಿ: ನೀವು ಕೊಳ್ಳಲು ಹೊರಟಿರುವ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು) ನಿಮ್ಮ ಓಡಾಟಕ್ಕೆ ವರ್ಷಕ್ಕೆ ಎಷ್ಟು ಲೀಟರ್ ಪೆಟ್ರೋಲ್ ಉಳಿಸುತ್ತದೆ? ಈ ಅಂಕಿ ಕೈಯಲ್ಲಿಲ್ಲದೆ ಚೌಕಾಸಿಗೆ ಕೂತವರಿಗೆ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಎದ್ದು ಬರಬೇಕು ಎಂಬುದೇ ಗೊತ್ತಾಗುವುದಿಲ್ಲ. ‘ಹೆಚ್ಚಿಗೆ ಕೊಟ್ಟಿದ್ದೆಲ್ಲ ಮೈಲೇಜ್‌ನಲ್ಲೇ ವಾಪಸ್ ಬರುತ್ತೆ ಸರ್’ ಅನ್ನುವ ಮಾತು ಖಂಡಿತ ಕೇಳಿಬರುತ್ತದೆ. ಅದು ನಿಜವೋ ಅಲ್ಲವೋ ಅನ್ನುವುದು ನಿಮಗೆ ಮೊದಲೇ ಗೊತ್ತಿರಬೇಕು.

ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ, ಅದೇ ಕಾರಿನ ಪೆಟ್ರೋಲ್ ಮಾದರಿ ಲೀಟರಿಗೆ 15 ಕಿ.ಮೀ., ಹೈಬ್ರಿಡ್ 23 ಕಿ.ಮೀ. ಕೊಡುತ್ತದೆ ಅಂದುಕೊಳ್ಳಿ. ಮೊದಲನೆಯದಕ್ಕೆ 800 ಲೀಟರ್ ಬೇಕು, ಎರಡನೆಯದಕ್ಕೆ ಸುಮಾರು 522. ಉಳಿಯುವುದು ವರ್ಷಕ್ಕೆ 278 ಲೀಟರ್. ಈಗ ಎರಡೂ ಕಾರುಗಳ ಬೆಲೆಯ ಅಂತರವನ್ನು ಒಂದು ಲೀಟರ್ ಪೆಟ್ರೋಲಿನ ದರದಿಂದ ಭಾಗಿಸಿ. 1,100 ಲೀಟರ್ ಬಂದರೆ ನಾಲ್ಕು ವರ್ಷದಲ್ಲಿ ಅಸಲು ಕೈಸೇರುತ್ತದೆ. 2,000 ಬಂದರೆ ಏಳು ವರ್ಷ ದಾಟಬೇಕು. ನೀವು ಐದು ವರ್ಷಕ್ಕೆ ಕಾರು ಬದಲಿಸುವವರಾದರೆ, 1,390 ಲೀಟರಿನ ಬೆಲೆಗಿಂತ ಮೇಲೆ ಕೊಡುವ ಹಣ ಪೆಟ್ರೋಲ್ ಉಳಿತಾಯದಿಂದ ಹುಟ್ಟುವುದಿಲ್ಲ. ಹೈಬ್ರಿಡ್ಡಿನ ಮೌನ, ಸಿಗ್ನಲ್‌ಗಳ ನಡುವಿನ ಸಲೀಸು ಓಟ, ಮರುಮಾರಾಟದ ಬೆಲೆ ಇವಕ್ಕೂ ಬೆಲೆ ಕಟ್ಟಬಹುದು. ಆದರೆ ಎಷ್ಟು ಅಂತ ತೀರ್ಮಾನಿಸಿ ಬರೆದಿಡಿ.

ಈ ಲೆಕ್ಕ ತಪ್ಪುವುದು ಎರಡು ಕಡೆ. ಒಂದು, ಕಂಪನಿ ಹೇಳುವ ಮೈಲೇಜನ್ನು ಹಾಗೇ ಎತ್ತಿಕೊಳ್ಳುವುದು. ಹೈಬ್ರಿಡ್ ಹೆಚ್ಚು ಉಳಿಸುವುದು ನಿಂತು ನಿಂತು ಸಾಗುವ ಊರೊಳಗಿನ ಓಡಾಟದಲ್ಲಿ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಹೋಗುತ್ತದೆ, ನಿಂತಾಗ ಎಂಜಿನ್ ಆರಿರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವವರಿಗೆ ಅಂತರ ಬಹಳ ಕಿರಿದಾಗುತ್ತದೆ. ಅದೇ ಕಾರು ಓಡಿಸುವವರು ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದು ಹೇಳುವ ಅಂಕಿಯನ್ನು ಬಳಸಿ. ಇನ್ನೊಂದು, ಹೋಲಿಕೆಯೇ ತಪ್ಪಾಗುವುದು. ಹೈಬ್ರಿಡ್ ಎಂಜಿನ್ ಮೇಲ್ದರ್ಜೆಯ ವೇರಿಯಂಟ್‌ಗಳಲ್ಲಿ ಮಾತ್ರ ಸಿಗುವುದುಂಟು. ಆಗ ಬೆಲೆಯ ಅಂತರದಲ್ಲಿ ಸನ್‌ರೂಫ್, ದೊಡ್ಡ ಪರದೆ, ಚರ್ಮದ ಸೀಟು ಎಲ್ಲ ಸೇರಿರುತ್ತವೆ. ಅವು ನಿಮಗೆ ಬೇಕಿಲ್ಲದಿದ್ದರೆ ಆ ದುಡ್ಡೂ ಹೈಬ್ರಿಡ್ಡಿಗೇ ಕೊಟ್ಟ ಹಾಗೆ.

ಯಾವ ಹೈಬ್ರಿಡ್ ಅಂತ ಮೊದಲು ಕೇಳಿ

ಕಾರಿನ ಹಿಂದೆ ‘ಹೈಬ್ರಿಡ್’ ಎಂಬ ಬ್ಯಾಡ್ಜ್ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ 12 ಅಥವಾ 48 ವೋಲ್ಟಿನ ಚಿಕ್ಕ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೆ. ಬಹುತೇಕ ಇಂಥ ಕಾರುಗಳು ಬರೀ ಮೋಟಾರಿನಲ್ಲಿ ಓಡುವುದಿಲ್ಲ, ಉಳಿತಾಯವೂ ಅಲ್ಪ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ನೂರಾರು ವೋಲ್ಟಿನ ಬ್ಯಾಟರಿ ಇರುತ್ತದೆ. ಕಾರು ಎಂಜಿನ್ ಆರಿಸಿಕೊಂಡು ಸ್ವಲ್ಪ ದೂರ ಬರೀ ಮೋಟಾರಿನಲ್ಲೇ ಓಡಬಲ್ಲದು. ಪ್ಲಗ್-ಇನ್ ಹೈಬ್ರಿಡ್‌ಗೆ ಇನ್ನೂ ದೊಡ್ಡ ಬ್ಯಾಟರಿ, ಅದನ್ನು ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡಬೇಕು. ದಿನಾ ಚಾರ್ಜ್ ಮಾಡುವ ಅನುಕೂಲ ಇಲ್ಲದವರಿಗೆ ಅದು ಹೆಚ್ಚು ಬೆಲೆಯ, ಹೆಚ್ಚು ತೂಕದ ಕಾರು. ಕರಪತ್ರದಲ್ಲಿರುವ ಮೈಲೇಜಿನ ಹತ್ತಿರಕ್ಕೂ ಹೋಗುವುದಿಲ್ಲ.

ಮೈಲ್ಡ್ ಹೈಬ್ರಿಡ್‌ಗೆ ಸ್ಟ್ರಾಂಗ್ ಹೈಬ್ರಿಡ್ಡಿನ ದರ ಕೊಡಬೇಡಿ. ‘ಹೊಸ ತಂತ್ರಜ್ಞಾನ, ಇದಕ್ಕೆ ಡಿಸ್ಕೌಂಟ್ ಬರಲ್ಲ’ ಅಂದರೆ ಒಪ್ಪಲೂಬೇಡಿ. ಹೈಬ್ರಿಡ್ ಕಾರಾದ ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ. ಡಿಸ್ಕೌಂಟ್ ಸಿಗುವುದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಆ ಮಾದರಿಯ ಎಷ್ಟು ಕಾರು ಅಂಗಳದಲ್ಲಿ ನಿಂತಿವೆ, ಎಷ್ಟು ಜನ ಸರದಿಯಲ್ಲಿದ್ದಾರೆ ಎಂಬ ಲೆಕ್ಕ ಮಾತ್ರ.

ಮಾತು ಒಂದೇ ಅಂಕಿಯ ಮೇಲೆ ನಡೆಯಲಿ

ಕಾರಿನ ಬೆಲೆ, ಹಳೆ ಕಾರಿನ ಎಕ್ಸ್‌ಚೇಂಜ್, ಸಾಲ, ವಿಮೆ ಮತ್ತು ಆಕ್ಸೆಸರಿ ಇವು ನಾಲ್ಕು ಬೇರೆ ಬೇರೆ ವ್ಯಾಪಾರ. ಶೋರೂಮಿನಲ್ಲಿ ನಾಲ್ಕನ್ನೂ ಒಟ್ಟಿಗೆ ಕಲಸಿ ಮುಂದಿಡುತ್ತಾರೆ. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಎತ್ತಿಕೊಂಡರೆ ನಿಮಗೆ ತಿಳಿಯುವುದೇ ಇಲ್ಲ. ಆದ್ದರಿಂದ ಮೊದಲು ಕಾರಿನದ್ದು ಮಾತ್ರ ಮಾತಾಡಿ. ಅದೂ ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿ ಕಾರು ರಸ್ತೆಗಿಳಿಯುವ ಹೊತ್ತಿಗೆ ನಿಮ್ಮ ಕೈಯಿಂದ ಹೋಗುವ ಒಟ್ಟು ಮೊತ್ತವನ್ನು.

ಡಿಸ್ಕೌಂಟ್ ಎಷ್ಟು ಎಂದು ಕೇಳುವುದು ಯಾಕೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಎರಡು ಕೊಟೇಶನ್ ನೋಡಿ. ಕಾರಿನ ಬೆಲೆ 1,000 ಅಂತಿಟ್ಟುಕೊಳ್ಳಿ; ತೆರಿಗೆ ಎರಡೂ ಕಡೆ ಒಂದೇ ಆದ್ದರಿಂದ ಬಿಟ್ಟುಬಿಡೋಣ. ಮೊದಲ ಡೀಲರ್ 40 ಬಿಡುತ್ತಾರೆ; ಆದರೆ ವಿಮೆಗೆ 38, ‘ಕಡ್ಡಾಯ’ ಆಕ್ಸೆಸರಿ ಕಿಟ್‌ಗೆ 25, ಹ್ಯಾಂಡ್ಲಿಂಗ್ ಚಾರ್ಜ್ ಎಂದು 8 ಹಾಕುತ್ತಾರೆ. ಒಟ್ಟು 1,031. ಎರಡನೆಯವರು ಬಿಡುವುದು 25 ಮಾತ್ರ, ವಿಮೆ 26, ಬೇರೇನೂ ಇಲ್ಲ. ಒಟ್ಟು 1,001. ಹೆಚ್ಚು ಡಿಸ್ಕೌಂಟ್ ಕೊಟ್ಟವರ ಕಾರು 30 ತುಟ್ಟಿ.

ಕೊಟೇಶನ್ ಕನಿಷ್ಠ ಮೂರು ಡೀಲರ್‌ಗಳಿಂದ ತರಿಸಿ. ಖುದ್ದಾಗಿ ಹೋಗುವ ಬದಲು ಮೊದಲು ಸಂದೇಶ ಕಳಿಸುವುದು ಒಳ್ಳೆಯದು, ಯಾಕೆಂದರೆ ಉತ್ತರ ಬರಹದಲ್ಲಿ ಸಿಗುತ್ತದೆ. ಹೀಗೆ ಬರೆದರೆ ಸಾಕು:

‘ನಮಸ್ಕಾರ. ನಿಮ್ಮಲ್ಲಿರುವ ಈ ಹೈಬ್ರಿಡ್ ಮಾದರಿ, ಈ ವೇರಿಯಂಟ್, ಇವೆರಡರಲ್ಲಿ ಯಾವುದಾದರೂ ಒಂದು ಬಣ್ಣ ನನಗೆ ಬೇಕು. ಈ ತಿಂಗಳೊಳಗೆ ಕೊಳ್ಳುವವನಿದ್ದೇನೆ. ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು, ಅದರಲ್ಲಿ ಕಾರಿನ ಬೆಲೆ, ಡಿಸ್ಕೌಂಟ್, ತೆರಿಗೆ, ನೋಂದಣಿ, ವಿಮೆ, ಇತರೆ ಶುಲ್ಕ ಬೇರೆ ಬೇರೆಯಾಗಿ ಎಷ್ಟೆಷ್ಟು ಎಂದು ಬರೆದು ಕಳಿಸಿ. ಕಾರು ಸ್ಟಾಕ್‌ನಲ್ಲಿದ್ದರೆ ಅದು ತಯಾರಾದ ತಿಂಗಳು, ವರ್ಷವನ್ನೂ ತಿಳಿಸಿ. ಆಕ್ಸೆಸರಿ ಬೇಡ. ಸಾಲದ ಬಗ್ಗೆ ಆಮೇಲೆ ಮಾತಾಡೋಣ.’

ಎರಡು ಬಣ್ಣ ಒಪ್ಪುತ್ತೇನೆ ಎಂದದ್ದು ಸುಮ್ಮನೆ ಅಲ್ಲ. ಒಂದೇ ಬಣ್ಣಕ್ಕೆ ಅಂಟಿಕೊಂಡರೆ ಅವರ ಬಳಿ ನಿಂತಿರುವ ಕಾರನ್ನು ಕಡಿಮೆಗೆ ಕೊಡುವ ದಾರಿ ಮುಚ್ಚುತ್ತದೆ. ‘ಬನ್ನಿ ಸರ್, ಕೂತು ಮಾತಾಡೋಣ’ ಎಂದಷ್ಟೇ ಉತ್ತರ ಬಂದರೆ ಇನ್ನೊಮ್ಮೆ ವಿನಯವಾಗಿ ಕೇಳಿ. ಆಗಲೂ ಅಂಕಿ ಬರೆಯದವರನ್ನು ಬಿಟ್ಟು ಮುಂದೆ ಹೋಗಿ.

ಬಂದವುಗಳಲ್ಲಿ ಅತಿ ಕಡಿಮೆಯದನ್ನು ಹಿಡಿದು, ನಿಮಗೆ ಸರ್ವೀಸಿಗೆ ಅನುಕೂಲವಾದ ಡೀಲರ್ ಬಳಿ ಹೋಗಿ. ‘ನಿಮ್ಮಲ್ಲೇ ಕೊಳ್ಳಬೇಕು ಅಂತಿದೆ. ಈ ಮೊತ್ತಕ್ಕೆ ಆಗುತ್ತದಾ? ಆದರೆ ಇವತ್ತೇ ಬುಕ್ ಮಾಡುತ್ತೇನೆ’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಮೌನ ತಡೆಯಲಾರದೆ ‘ಹೋಗಲಿ, ಒಂದಿಷ್ಟು ಹೆಚ್ಚು ಕಮ್ಮಿ ಮಾಡಿ’ ಎಂದು ನಾವೇ ಸಡಿಲ ಬಿಡುವುದು ಇಲ್ಲಿ ಬಹಳ ಸಲ ಆಗುವ ತಪ್ಪು. ಮಾರಾಟದವರು ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಒಳಗೆ ಹೋದರೆ ಹೋಗಲಿ. ಬಂದು ಹೊಸ ಅಂಕಿ ಹೇಳಿದರೆ ನಿಮ್ಮ ಒಟ್ಟು ಮೊತ್ತದ ಪಕ್ಕದಲ್ಲಿಟ್ಟು ನೋಡಿ. ಡಿಸ್ಕೌಂಟಿನ ಬದಲು ಸೀಟ್ ಕವರ್, ಮ್ಯಾಟ್ ಕೊಡುತ್ತೇವೆಂದರೆ ಅವನ್ನು ಅವರ ಪಟ್ಟಿಯ ದರದಲ್ಲಿ ಲೆಕ್ಕ ಹಾಕಬೇಡಿ, ಹೊರಗಿನ ಅಂಗಡಿಯ ದರದಲ್ಲಿ ಹಾಕಿ.

ತೆರಿಗೆಯನ್ನು ಬಿಲ್ಲಿನ ಮೊತ್ತದ ಮೇಲೆ ಲೆಕ್ಕ ಹಾಕುವ ಕಡೆ ಡಿಸ್ಕೌಂಟ್ ತೆರಿಗೆಗೆ ಮುಂಚೆಯೇ ಕಳೆಯುವಂತೆ ಕೇಳಿ. ತೆರಿಗೆ ಶೇ. 15 ಇದ್ದರೆ ತೆರಿಗೆಗೆ ಮುಂಚೆ ಬಿಟ್ಟ 20, ನಿಮಗೆ 23 ಉಳಿಸುತ್ತದೆ. ‘ಬಿಲ್ಲಿನಲ್ಲಿ ತೋರಿಸಲ್ಲ, ಕೈಗೆ ಕೊಡ್ತೀವಿ’ ಎಂಬ ಮಾತಿಗೆ ಮಾತ್ರ ಒಪ್ಪಲೇಬೇಡಿ. ಅದಕ್ಕೆ ದಾಖಲೆ ಇರುವುದಿಲ್ಲ.

ಯಾವಾಗ ಕೇಳಬೇಕು

ಡೀಲರ್‌ಗಳು ಸಾಮಾನ್ಯವಾಗಿ ಸಾಲ ತಂದು ಕಾರು ನಿಲ್ಲಿಸಿಕೊಂಡಿರುತ್ತಾರೆ. ನಿಂತ ಪ್ರತಿ ದಿನಕ್ಕೂ ಬಡ್ಡಿ ಬೀಳುತ್ತದೆ. ಜೊತೆಗೆ ತಿಂಗಳು, ಮೂರು ತಿಂಗಳು, ವರ್ಷದ ಮಾರಾಟ ಗುರಿ ಮುಟ್ಟಿದರೆ ಕಂಪನಿಯಿಂದ ಬೋನಸ್ ಬರುತ್ತದೆ. ಆದ್ದರಿಂದ ಕೊನೆಯ ವಾರದಲ್ಲಿ, ಅದರಲ್ಲೂ ತ್ರೈಮಾಸಿಕ ಮುಗಿಯುವ ತಿಂಗಳಲ್ಲಿ, ಎರಡೋ ಮೂರೋ ಕಾರು ಗುರಿಗೆ ಕಮ್ಮಿ ಬಿದ್ದಿರುವ ಡೀಲರ್ ತನ್ನ ಲಾಭವನ್ನು ಬಿಟ್ಟುಕೊಟ್ಟಾದರೂ ಮಾರುತ್ತಾರೆ. ಗುರಿ ಆಗಲೇ ಮುಟ್ಟಿದವರಿಗೆ ಆ ಅವಸರ ಇರುವುದಿಲ್ಲ. ಅದಕ್ಕೇ ಮೂರು ಕಡೆ ಕೇಳಬೇಕಾದದ್ದು.

ಹೈಬ್ರಿಡ್ಡಿಗೆ ಇನ್ನೊಂದು ಋತುಮಾನವಿದೆ. ಪೆಟ್ರೋಲ್ ಬೆಲೆ ಏರಿದ ವಾರಗಳಲ್ಲಿ ಎಲ್ಲರೂ ಹೈಬ್ರಿಡ್ ಕೇಳುತ್ತಾರೆ, ಡಿಸ್ಕೌಂಟ್ ಕರಗುತ್ತದೆ. ಬೆಲೆ ತಣ್ಣಗಿದ್ದಾಗ ಅದೇ ಕಾರು ಅಂಗಳದಲ್ಲಿ ನಿಲ್ಲುತ್ತದೆ. ಸರ್ಕಾರದ ರಿಯಾಯಿತಿಯೂ ಹೀಗೆಯೇ: ಯಾವ ಬಗೆಯ ಹೈಬ್ರಿಡ್ಡಿಗೆ ಎಷ್ಟು, ಯಾವ ದಿನಾಂಕದವರೆಗೆ ಎಂಬುದನ್ನು ಬುಕ್ ಮಾಡುವ ಮುಂಚೆ ಅಧಿಕೃತ ಮೂಲದಲ್ಲೇ ನೋಡಿ. ರಿಯಾಯಿತಿಗೆ ಬುಕಿಂಗ್ ದಿನಾಂಕ ಲೆಕ್ಕವೋ ನೋಂದಣಿ ದಿನಾಂಕವೋ ಅನ್ನುವುದು ಮುಖ್ಯ. ಡೆಲಿವರಿ ತಡವಾಗಿ ಅದು ಕೈತಪ್ಪಿದರೆ ನಷ್ಟ ಯಾರದು ಎಂದು ಬರೆಸಿಕೊಳ್ಳಿ.

ಮಾದರಿಯ ಹೊಸ ರೂಪ ಬರುವ ಹೊತ್ತಿನಲ್ಲಿ, ಅಥವಾ ವರ್ಷ ಬದಲಾದ ಮೇಲೆ ಹಿಂದಿನ ವರ್ಷ ತಯಾರಾದ ಕಾರಿಗೆ ದೊಡ್ಡ ಮೊತ್ತ ಬಿಡುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ಒಳ್ಳೆಯ ಅವಕಾಶ. ಮೂರು ವರ್ಷಕ್ಕೆ ಮಾರುವವರಿಗೆ ಮರುಮಾರಾಟದಲ್ಲಿ ಒಂದು ವರ್ಷದ ಬೆಲೆ ಕಳೆಯುತ್ತದೆ. ಅಷ್ಟಾದರೂ ಈಗಲೇ ಕಳೆಯಿಸಿಕೊಳ್ಳಬೇಕು.

ಸರದಿ ಇರುವ ಮಾದರಿಯಾದರೆ

ಬೇಡಿಕೆ ಹೆಚ್ಚಿರುವ ಹೈಬ್ರಿಡ್ಡಿಗೆ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಾಗ ನಗದು ಡಿಸ್ಕೌಂಟ್ ಕೇಳಿ ಹೊತ್ತು ಕಳೆಯುವುದರಲ್ಲಿ ಅರ್ಥವಿಲ್ಲ. ಆಗ ಗೆಲ್ಲಬಹುದಾದ ವಿಷಯಗಳು ಬೇರೆ. ಆಕ್ಸೆಸರಿ ಕಿಟ್ ಬೇಡ, ಹ್ಯಾಂಡ್ಲಿಂಗ್ ಚಾರ್ಜ್ ತೆಗೆಯಿರಿ, ವಿಮೆ ನಾನೇ ತರುತ್ತೇನೆ ಅನ್ನಿ. ಈ ಮೂರರಲ್ಲೇ ಸಣ್ಣ ಡಿಸ್ಕೌಂಟಿನಷ್ಟು ಉಳಿಯುತ್ತದೆ. ಬುಕಿಂಗ್ ದಿನದ ಬೆಲೆಯನ್ನೇ ಡೆಲಿವರಿಯಲ್ಲೂ ಉಳಿಸುವ ಮಾತನ್ನು ಆರ್ಡರ್ ಫಾರಂ ಮೇಲೆ ಬರೆಸಲು ಪ್ರಯತ್ನಿಸಿ. ಒಪ್ಪದಿದ್ದರೆ, ಬೆಲೆ ಏರಿದಾಗ ಪೂರ್ತಿ ಮುಂಗಡ ವಾಪಸ್ ಪಡೆಯುವ ಹಕ್ಕನ್ನಾದರೂ ಬರೆಸಿ.

ಇನ್ನೊಂದು ದಾರಿ ಬೇರೆಯವರು ರದ್ದು ಮಾಡಿದ ಬುಕಿಂಗ್. ಸಾಲ ಮಂಜೂರಾಗದೆಯೋ ಮನಸ್ಸು ಬದಲಾಗಿಯೋ ಬಿಟ್ಟ ಕಾರುಗಳು ಡೀಲರ್ ಅಂಗಳಕ್ಕೆ ಬಂದು ನಿಲ್ಲುತ್ತವೆ. ‘ಕ್ಯಾನ್ಸಲ್ ಆದ ಕಾರು ಯಾವ ಬಣ್ಣದ್ದಿದ್ದರೂ ಕರೆ ಮಾಡಿ, ಎರಡು ದಿನದಲ್ಲಿ ಹಣ ಕಟ್ಟುತ್ತೇನೆ’ ಎಂದು ಹೇಳಿಟ್ಟಿರಿ. ಕಾಯುವಿಕೆಯೂ ಕಮ್ಮಿ, ಮಾತಿಗೂ ಜಾಗ ಇರುತ್ತದೆ.

ಸಾಲ ಮತ್ತು ಹಳೆ ಕಾರು

‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಡಿ. ಕಾರಿನ ಬೆಲೆ 1,000 ಎಂಬ ಹಿಂದಿನ ಲೆಕ್ಕದಲ್ಲೇ ಶೇ. 9ರ ಬಡ್ಡಿಗೆ 800 ಸಾಲ ಮಾಡಿದರೆ ಐದು ವರ್ಷಕ್ಕೆ ಕಂತು ಸುಮಾರು 16.6, ಏಳು ವರ್ಷಕ್ಕೆ 12.9. ಎರಡನೆಯದು ಹಗುರವಾಗಿ ಕಾಣುತ್ತದೆ, ಆದರೆ ಒಟ್ಟು ಕಟ್ಟುವುದು 996ರ ಬದಲು 1,081. ಕಂತಿನ ಮಾತಿಗೆ ಇಳಿದರೆ ಕಾರಿನ ಬೆಲೆ ಮಾತಿನಿಂದಲೇ ಮರೆಯಾಗುತ್ತದೆ.

ಬಡ್ಡಿ ದರ ಹೇಳಿದಾಗ ಅದು ಫ್ಲಾಟ್ ದರವೋ ಇಳಿಯುವ ಬಾಕಿಯ ಮೇಲಿನದೋ ಎಂದು ಕೇಳಿ. ಐದು ವರ್ಷದ ಸಾಲಕ್ಕೆ ಶೇ. 6 ಫ್ಲಾಟ್ ಅಂದರೆ ನಿಜವಾಗಿ ಸುಮಾರು ಶೇ. 10.8, ಏಕೆಂದರೆ ನೀವು ತೀರಿಸಿಬಿಟ್ಟ ಅಸಲಿಗೂ ಕೊನೆಯವರೆಗೆ ಬಡ್ಡಿ ಹಾಕಿರುತ್ತಾರೆ. ಶೋರೂಮಿಗೆ ಹೋಗುವ ಮುಂಚೆಯೇ ನಿಮ್ಮ ಬ್ಯಾಂಕಿನಿಂದ ಸಾಲದ ಒಪ್ಪಿಗೆ ಪತ್ರ ತಂದಿಟ್ಟುಕೊಂಡರೆ ಹೋಲಿಸಲು ಒಂದು ಗಟ್ಟಿ ಅಂಕಿ ಸಿಗುತ್ತದೆ.

‘ಶೂನ್ಯ ಬಡ್ಡಿ ಇಲ್ಲವೇ ನಗದು ಡಿಸ್ಕೌಂಟ್’ ಎಂಬ ಆಯ್ಕೆ ಬಂದಾಗ ಒಟ್ಟು ಮೊತ್ತ ಹೋಲಿಸಿ. 800ಕ್ಕೆ ಶೂನ್ಯ ಬಡ್ಡಿಯಲ್ಲಿ 36 ಕಂತಾದರೆ ಕಟ್ಟುವುದು 800. 50 ಡಿಸ್ಕೌಂಟ್ ಪಡೆದು ಉಳಿದ 750ಕ್ಕೆ ಹೊರಗೆ ಶೇ. 9ರಂತೆ 36 ತಿಂಗಳ ಸಾಲ ಮಾಡಿದರೆ ಕಟ್ಟುವುದು ಸುಮಾರು 859. ಇಲ್ಲಿ ಶೂನ್ಯ ಬಡ್ಡಿಯೇ ಲಾಭ. ಆದರೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ಸಾಲದ ಜೊತೆ ಬೇರೆ ಪಾಲಿಸಿ ಕಟ್ಟಿದ್ದಾರೆಯೇ ನೋಡಿ. ಸಾಲವೇ ಬೇಡದವರಿಗೆ ಡಿಸ್ಕೌಂಟೇ ಸರಿ.

ಹಳೆ ಕಾರಿಗೆ ಹೊರಗೆ ಎರಡು ಕಡೆ ಬೆಲೆ ಕಟ್ಟಿಸಿ ಬನ್ನಿ. ಹೊಸ ಕಾರಿನ ಮೊತ್ತ ಬರಹದಲ್ಲಿ ಬಂದ ಮೇಲೆಯೇ ಅದರ ವಿಷಯ ಎತ್ತಿ. ಎಕ್ಸ್‌ಚೇಂಜ್ ಬೋನಸ್ ಬೇರೆ ಸಾಲಾಗಿ ಕೊಟೇಶನ್‌ನಲ್ಲಿ ಕಾಣಲಿ. ಹಳೆ ಕಾರಿಗೆ ಹೊರಗಿಗಿಂತ 20 ಕಮ್ಮಿ ಕೊಟ್ಟು 15 ಬೋನಸ್ ಕೊಟ್ಟರೆ ನಿಮಗೆ 5 ನಷ್ಟ.

ಆಕ್ಸೆಸರಿ, ವಾರಂಟಿ, ಸರ್ವೀಸ್ ಪ್ಯಾಕೇಜ್

ಬೆಲೆ ಕುದುರಿ ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಈ ಪಟ್ಟಿ ಬರುತ್ತದೆ. ಇಲ್ಲಿ ಹೈಬ್ರಿಡ್ಡಿನ ಒಳಗು ಗೊತ್ತಿದ್ದವರಿಗೆ ತುಂಬ ಹಣ ಉಳಿಯುತ್ತದೆ.

ಹೈಬ್ರಿಡ್ ಬ್ಯಾಟರಿಗೆ ಕಂಪನಿಯೇ ಉದ್ದನೆಯ ವಾರಂಟಿ ಕೊಟ್ಟಿರುತ್ತದೆ. ಎಂಟು ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು, ಎಂಬುದು ಹಲವು ಕಾರುಗಳಲ್ಲಿ ಕಾಣುವ ಷರತ್ತು. ಹಾಗಾಗಿ ‘ಬ್ಯಾಟರಿ ಹೋದರೆ ಬಹಳ ಖರ್ಚು’ ಎಂದು ಹೆದರಿಸಿ ಎಕ್ಸ್‌ಟೆಂಡೆಡ್ ವಾರಂಟಿ ಮಾರಲು ಬಂದರೆ ವಾರಂಟಿ ಪುಸ್ತಕ ತೆರೆದು ತೋರಿಸಲು ಹೇಳಿ. ಕೇಳಬೇಕಾದ ಪ್ರಶ್ನೆ ಬೇರೆ: ಇನ್ವರ್ಟರ್ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಭಾಗ), ಮೋಟಾರ್-ಜನರೇಟರ್ (ಕಾರು ಓಡಿಸುವ, ಬ್ರೇಕ್ ಒತ್ತಿದಾಗ ವಿದ್ಯುತ್ ಹುಟ್ಟಿಸುವ ಮೋಟಾರು), ಡಿಸಿ-ಡಿಸಿ ಕನ್ವರ್ಟರ್ (ದೊಡ್ಡ ಬ್ಯಾಟರಿಯಿಂದ 12 ವೋಲ್ಟಿನ ಸಣ್ಣ ಬ್ಯಾಟರಿಗೆ ವಿದ್ಯುತ್ ಕೊಡುವ ಭಾಗ) ಇವು ಎಷ್ಟು ವರ್ಷ ಯಾವ ವಾರಂಟಿಯಲ್ಲಿ ಬರುತ್ತವೆ? ದುಬಾರಿ ಭಾಗಗಳು ಇವು. ಹೆಚ್ಚುವರಿ ವಾರಂಟಿ ಇವನ್ನು ಒಳಗೊಂಡಿದ್ದರೆ ಕೊಳ್ಳುವುದು ಯೋಗ್ಯ, ಇಲ್ಲದಿದ್ದರೆ ಅಲ್ಲ. ಮೂಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ಕೊಳ್ಳಬಹುದೇ ಎಂದೂ ಕೇಳಿ. ಹೌದಾದರೆ ಇವತ್ತೇ ತೀರ್ಮಾನಿಸಬೇಕಿಲ್ಲ.

ಸರ್ವೀಸ್ ಪ್ಯಾಕೇಜಿನಲ್ಲಿ ಏನಿದೆ ಎಂದು ಸಾಲು ಸಾಲಾಗಿ ಓದಿ. ಬಹಳಷ್ಟು ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಆಲ್ಟರ್ನೇಟರ್ (ಎಂಜಿನ್ನಿನಿಂದ ವಿದ್ಯುತ್ ತಯಾರಿಸುವ ಭಾಗ), ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಇರುವುದೇ ಇಲ್ಲ, ಅವುಗಳ ಸರ್ವೀಸಿಗೆ ದುಡ್ಡು ಕೊಡಬೇಕಿಲ್ಲ. ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಸಾಮಾನ್ಯ ಕಾರಿಗಿಂತ ಹೆಚ್ಚು ಕಾಲ ಬರುತ್ತದೆ. ಪ್ಯಾಡ್ ಬದಲಾವಣೆಯ ಲಾಭ ತೋರಿಸಿ ಮಾರುವ ಪ್ಯಾಕೇಜ್ ಹೈಬ್ರಿಡ್ಡಿಗೆ ಅಷ್ಟಾಗಿ ಹೊಂದುವುದಿಲ್ಲ. ಇನ್ವರ್ಟರ್ ಕೂಲಂಟ್, ಗಾಳಿಯಿಂದ ತಂಪಾಗುವ ಬ್ಯಾಟರಿಯಾದರೆ ಅದರ ಫ್ಯಾನ್ ಫಿಲ್ಟರ್ ಶುಚಿ ಮಾಡುವುದು ಸೇರಿದೆಯೇ ನೋಡಿ. ಆ ಫಿಲ್ಟರ್ ಧೂಳು ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗಿ ಆಯುಸ್ಸು ತಗ್ಗುತ್ತದೆ.

ಆಂಟಿ-ರಸ್ಟ್ ಕೋಟಿಂಗ್, ಹೆಚ್ಚುವರಿ ದೀಪ, ಹೊರಗಿನ ಮ್ಯೂಸಿಕ್ ಸಿಸ್ಟಂ ಇವುಗಳ ಬಗ್ಗೆ ಎಚ್ಚರ. ಹೈಬ್ರಿಡ್ ಕಾರಿನ ತಳದಲ್ಲಿ ಕಿತ್ತಳೆ ಬಣ್ಣದ ಹೈ-ವೋಲ್ಟೇಜ್ ಕೇಬಲ್ ಹಾದುಹೋಗಿರುವುದುಂಟು. ಎಲ್ಲೆಂದರಲ್ಲಿ ತೂತು ಕೊರೆಯುವುದು ಅಪಾಯ, ವೈರಿಂಗ್ ಕತ್ತರಿಸಿ ಸೇರಿಸಿದರೆ ವಾರಂಟಿಗೆ ತಕರಾರು. ಬಿಡಿ ಚಕ್ರ ಇದೆಯೇ ಎಂದು ಮಾತ್ರ ಮರೆಯದೆ ಕೇಳಿ. ಬ್ಯಾಟರಿಗೆ ಜಾಗ ಬಿಡಲು ಕೆಲವು ಹೈಬ್ರಿಡ್‌ಗಳಲ್ಲಿ ಅದನ್ನು ತೆಗೆದು ಪಂಕ್ಚರ್ ಕಿಟ್ ಇಟ್ಟಿರುತ್ತಾರೆ. ಸೀಟ್ ಕವರಿನ ಬದಲು ಬಿಡಿ ಚಕ್ರವನ್ನೇ ಕೊಡಿ ಎಂದು ಮಾತಾಡಬಹುದು.

ಹಣ ಪೂರ್ತಿ ಕಟ್ಟುವ ಮುಂಚೆ

ಒಪ್ಪಿದ ಮೊತ್ತ, ವೇರಿಯಂಟ್, ಬಣ್ಣ, ತಯಾರಿಕೆಯ ವರ್ಷ, ಡೆಲಿವರಿ ದಿನಾಂಕ, ಮುಂಗಡ ವಾಪಸಾತಿಯ ಷರತ್ತು, ಉಚಿತವಾಗಿ ಕೊಡುತ್ತೇವೆಂದ ವಸ್ತುಗಳು ಎಲ್ಲವೂ ಸಹಿ, ಮೊಹರಿನೊಂದಿಗೆ ಆರ್ಡರ್ ಫಾರಂ ಮೇಲಿರಲಿ. ಮುಂಗಡ ಆದಷ್ಟು ಕಡಿಮೆ ಇರಲಿ.

ನೋಂದಣಿಗೆ ಮೊದಲೇ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಒಮ್ಮೆ ನಿಮ್ಮ ಹೆಸರಿಗೆ ನೋಂದಣಿಯಾದರೆ ಬದಲಿಸಿಕೊಡಿ ಅನ್ನಲು ಬಲವಿರುವುದಿಲ್ಲ. ಚಾಸಿ ಸಂಖ್ಯೆ ಕಾಗದಕ್ಕೆ ತಾಳೆಯಾಗಬೇಕು. ಟೈರಿನ ಪಕ್ಕೆಯ ಮೇಲಿರುವ ನಾಲ್ಕು ಅಂಕೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 1425 ಅಂದರೆ 2025ರ 14ನೇ ವಾರ ತಯಾರಾದದ್ದು. ಹೊಸದಾಗಿ ಬಂದ ಕಾರು ಎಂದವರ ಕಾರಿನಲ್ಲಿ ವರ್ಷ ಹಳೆಯ ಟೈರ್ ಇದ್ದರೆ ಕಾರು ತಯಾರಾದ ತಿಂಗಳನ್ನು ಮತ್ತೆ ಕೇಳಿ.

ತಿಂಗಳುಗಟ್ಟಲೆ ನಿಂತ ಹೈಬ್ರಿಡ್‌ನಲ್ಲಿ ಮೊದಲು ಸೋಲುವುದು 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಸಣ್ಣದು ಸತ್ತರೆ ಕಾರಿನ ಕಂಪ್ಯೂಟರುಗಳು ಏಳುವುದಿಲ್ಲ, ಕಾರು ‘ರೆಡಿ’ ಆಗುವುದಿಲ್ಲ. ಕೆಲವು ಗಂಟೆ ಆಫ್ ಆಗಿದ್ದ ಕಾರಿನಲ್ಲಿ ಮೀಟರ್ ಹಿಡಿಸಿ ನೋಡಿ: ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಯಲ್ಲಿ 12.6 ವೋಲ್ಟ್ ಸುಮಾರು ಇದ್ದರೆ ಪೂರ್ತಿ ಚಾರ್ಜ್, 12.2ರ ಹತ್ತಿರವಿದ್ದರೆ ಅರ್ಧ. ತೀರಾ ಕೆಳಗಿದ್ದರೆ ಚಾರ್ಜ್ ಮಾಡಿ ಕೊಡುತ್ತೇವೆ ಎಂಬುದಕ್ಕೆ ಒಪ್ಪದೆ ಹೊಸದನ್ನೇ ಹಾಕಿಸಿ. ಪೂರ್ತಿ ಬರಿದಾದ ಬ್ಯಾಟರಿ ಮತ್ತೆ ಮೊದಲಿನ ಬಲಕ್ಕೆ ಬರುವುದು ಕಷ್ಟ. ಬಳಿಕ ಸ್ವಲ್ಪ ದೂರ ಓಡಿಸಿ: ಎಂಜಿನ್ ತಾನಾಗಿ ಆರಿ ಹೊತ್ತಿಕೊಳ್ಳಬೇಕು, ಬ್ರೇಕ್ ಒತ್ತಿದಾಗ ಪರದೆಯ ಮೇಲೆ ಶಕ್ತಿ ಬ್ಯಾಟರಿಗೆ ಹರಿಯುವುದು ಕಾಣಬೇಕು, ಎಚ್ಚರಿಕೆ ದೀಪ ಯಾವುದೂ ಉಳಿದಿರಬಾರದು. ಪ್ಲಗ್-ಇನ್ ಆದರೆ ಅಲ್ಲೇ ಕೇಬಲ್ ಚುಚ್ಚಿ ಚಾರ್ಜ್ ಏರುತ್ತದೆಯೇ ಪರೀಕ್ಷಿಸಿ. ಆ ಕೇಬಲ್ ಕಾರಿನ ಜೊತೆ ಬರುವುದೋ ಬೇರೆ ಹಣವೋ ಎಂಬುದು ಕೊಟೇಶನ್ ಹಂತದಲ್ಲೇ ಗೊತ್ತಾಗಿರಬೇಕು.

ಕೊನೆಯ ಬಿಲ್ಲನ್ನು ಆರ್ಡರ್ ಫಾರಂ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿ. ಹೊಸ ಹೆಸರಿನ ಶುಲ್ಕ ಇಣುಕಿದ್ದರೆ ತೆಗೆಸಿ, ಬದಲಾದ ಬಿಲ್ ಕೈಗೆ ಬಂದ ಮೇಲೆ ಬಾಕಿ ಕಟ್ಟಿ. ಹಣ ಡೀಲರ್ ಸಂಸ್ಥೆಯ ಖಾತೆಗೇ ಹೋಗಲಿ, ಯಾವ ವ್ಯಕ್ತಿಯ ಖಾತೆಗೂ ಬೇಡ. ರಸೀದಿ, ಎರಡೂ ಕೀ, ಸಹಿಯಾದ ವಾರಂಟಿ ಪುಸ್ತಕ, ವಿಮೆಯ ಪ್ರತಿ ಕೈಗೆ ಬಂದ ಮೇಲಷ್ಟೇ ಡೆಲಿವರಿ ಕಾಗದಕ್ಕೆ ಸಹಿ ಹಾಕಿ.